ಬಳ್ಳಾರಿಯಿಂದ ಯಲಹಂಕ ಏರ್ ಶೋಗೆ ಮನೆಮಂದಿನೆಲ್ಲಾ ಕರ್ಕೊಂಡು ಹೋಗೋದು ಹೆಂಗೆ: ಟಿಕೆಟ್ ತಗೊಳೋದ್ರಿಂದ ವಾಪಸ್ ಬರೋತನಕ

ಬೆಂಗಳೂರಿನ ಯಲಹಂಕದಲ್ಲಿ ನಡೆಯೋ ಏರೋ ಇಂಡಿಯಾ ಏರ್ ಶೋ ಮುಗಿದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಹೋಗಿ ಬಂದೋರ ಕಥೆ ಕೇಳಿದ್ರೆ ಎಲ್ಲಾ ಒಂದೇ ಥರ ಇರ್ತಾವೆ ನೋಡ್ರಿ. ಒಬ್ರು ಶನಿವಾರ ಹೋಗಿ ಖಾಲಿ ಗ್ರೌಂಡ್ ನೋಡ್ಕೊಂಡು ಬಂದಿರ್ತಾರೆ, ಇನ್ನೊಬ್ರು ಟಿಕೆಟ್ ಇದ್ರೂ ವಿಮಾನದ ಹತ್ರ ಬಿಡಲಿಲ್ಲ ಅಂತ ಗೇಟಲ್ಲಿ ಜಗಳ ಮಾಡಿರ್ತಾರೆ, ಮತ್ತೊಬ್ರು ಹೆಬ್ಬಾಳದ ಟ್ರಾಫಿಕ್ಕಲ್ಲಿ ಕಾರೊಳಗೆ ಕೂತು ಬರೀ ಸೌಂಡ್ ಕೇಳಿರ್ತಾರೆ. ಕಾರಣ ಹುಡುಕಿದ್ರೆ ಬಹಳ ಸಲ ಒಂದೇ ಸಿಗುತ್ತೆ, ಕೆಲಸದ ಕ್ರಮ ಉಲ್ಟಾ ಆಗಿರುತ್ತೆ: ಮೊದ್ಲು ಕಾರ್ ರೆಡಿ, ಆಮೇಲೆ ನೆಂಟರ ಮನೆಗೆ ಫೋನು, ಎಲ್ಲಾ ಆದ ಮೇಲೆ ಟಿಕೆಟ್ಟು. ಟಿಕೆಟ್ ಯಾವ್ದು ಅನ್ನೋದ್ರ ಮೇಲೇನೇ ಯಾವ ಗೇಟು, ಯಾವ ಪಾರ್ಕಿಂಗು ಅಂತ ತೀರ್ಮಾನ ಆಗೋದು, ಅದಕ್ಕೆ ಕೆಳಗಿನ ಹಂತಗಳನ್ನ ಇದೇ ಆರ್ಡರಲ್ಲಿ ಮಾಡ್ರಿ.

ಹಂತ 1: ದಿನ ಫಿಕ್ಸ್ ಮಾಡ್ಕೊಳ್ರಿ

ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆ ವರ್ಷದಾಗೆ, ಫೆಬ್ರವರಿಯಲ್ಲಿ ಯಲಹಂಕ ಏರ್‌ಫೋರ್ಸ್ ಸ್ಟೇಷನ್ನಲ್ಲಿ ನಡೆಯುತ್ತೆ. ಐದು ದಿನ ಇದ್ರೂ ಐದೂ ದಿನ ನಮಗಲ್ಲ. ಮೊದಲ ಮೂರು ದಿನ ಬಿಸಿನೆಸ್‌ನೋರಿಗೆ, ಕೊನೆ ಎರಡು ದಿನ ಸಾರ್ವಜನಿಕರಿಗೆ. 2025ರಲ್ಲಿ ಫೆಬ್ರವರಿ 10ರಿಂದ 14, ಪಬ್ಲಿಕ್‌ಗೆ 13 ಮತ್ತು 14, ಅಂದ್ರೆ ಗುರುವಾರ ಶುಕ್ರವಾರ. 2023ರಲ್ಲೂ 16, 17, ಅವೂ ಗುರುವಾರ ಶುಕ್ರವಾರನೇ. 2019ರಲ್ಲಿ ಶನಿವಾರ ಭಾನುವಾರ ಬಂದಿತ್ತು, ಅದನ್ನೇ ತಲೆಯಲ್ಲಿ ಇಟ್ಕೊಂಡೋರು ಈಗ್ಲೂ "ವೀಕೆಂಡ್ ಹೋಗೋಣ ಬಿಡು" ಅಂತಾರೆ. ಹಂಗೆ ಅನ್ಕೊಂಡು ಹೊರಟ್ರೆ ತಲುಪೋ ಹೊತ್ತಿಗೆ ಟೆಂಟ್ ಬಿಚ್ತಿರ್ತಾರೆ.

ಹಂಗಾಗಿ ರಜೆ ಹಾಕ್ಬೇಕಾಗುತ್ತೆ, ಮಕ್ಕಳಿಗೂ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿದ್ರೆ ಫೆಬ್ರವರಿಯಲ್ಲಿ ಪ್ರಿಪರೇಟರಿ, ಪ್ರಾಕ್ಟಿಕಲ್ ಎಲ್ಲಾ ಒಟ್ಟಿಗೆ ಬೀಳ್ತಾವೆ, ಟೈಮ್‌ಟೇಬಲ್ ನೋಡ್ದೆ ಟಿಕೆಟ್ ಬುಕ್ ಮಾಡಿ ಆಮೇಲೆ ಮನೇಲಿ ರಾಮಾಯಣ ಮಾಡ್ಕೋಬೇಡ್ರಿ. ಎರಡು ಪಬ್ಲಿಕ್ ದಿನದಲ್ಲಿ ನನ್ನ ಓಟು ಮೊದಲನೇ ದಿನಕ್ಕೆ. ಕೊನೆ ದಿನ ಜನ ಹೆಚ್ಚು, ಜೊತೆಗೆ ಹವಾಮಾನ ಕೈಕೊಟ್ರೆ ಮುಂದೆ ಇನ್ನೊಂದು ದಿನ ಅಂತ ಇರಲ್ಲ.

ಹಂತ 2: ಟಿಕೆಟ್, ಇಲ್ಲೇ ಅರ್ಧ ಜನ ಎಡವೋದು

ಮನೆಮಂದಿಗೆ ಬೇಕಾಗೋವು ಎರಡೇ ಥರದ ಟಿಕೆಟ್.

ಒಂದು ಆಡ್ವಾ. ರನ್‌ವೇ ಪಕ್ಕದ ದೊಡ್ಡ ಬಯಲಲ್ಲಿ ಕೂತು ಹಾರಾಟ ನೋಡೋ ಜಾಗ ಅದು, ಅಷ್ಟೇ. 2025ರಲ್ಲಿ ಒಬ್ರಿಗೆ 1000 ರೂಪಾಯಿ ಇತ್ತು. ಇದ್ರಲ್ಲಿ ಎಕ್ಸಿಬಿಷನ್ ಹಾಲ್‌ಗಳಿಗೆ ಬಿಡಲ್ಲ, ನೆಲದ ಮೇಲೆ ನಿಲ್ಸಿರೋ ಯುದ್ಧವಿಮಾನದ ಹತ್ರ ಹೋಗಿ ಫೋಟೋ ತೆಗೆಸ್ಕೊಳೋಕೂ ಆಗಲ್ಲ.

ಎರಡನೇದು ಜನರಲ್ ವಿಸಿಟರ್ ಪಾಸು, 2025ರಲ್ಲಿ 2500 ರೂಪಾಯಿ. ಇದ್ರಲ್ಲಿ ಎಕ್ಸಿಬಿಷನ್ನೂ ಐತೆ, ಆಡ್ವಾನೂ ಐತೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿದ್ರೆ ಒಂದು 4000, ಇನ್ನೊಂದು 10000, ವ್ಯತ್ಯಾಸ ಸಣ್ಣದಲ್ಲ. ಮುಂದಿನ ಸಲ ರೇಟ್ ಬದಲಾಗಿರ್ಬಹುದು, ಚೆಕ್ ಮಾಡ್ಕೊಳ್ರಿ.

ನನ್ನ ಅಭಿಪ್ರಾಯ ಕೇಳಿದ್ರೆ, ಹತ್ತು ವರ್ಷದ ಒಳಗಿನ ಮಕ್ಕಳಿದ್ರೆ ಆಡ್ವಾ ಸಾಕು, ಆ ವಯಸ್ಸಿನೋರಿಗೆ ಹಾಲ್ ಒಳಗಿರೋ ರೇಡಾರು, ಇಂಜಿನ್ ಬಿಡಿಭಾಗ ಯಾವ್ದೂ ರುಚಿಸಲ್ಲ, ಕಾಲು ನೋವು ಅಂತ ಎತ್ಕೋ ಅಂತಾವೆ. ಹೈಸ್ಕೂಲ್ ಮೇಲಿನ ಹುಡುಗ್ರು ಹುಡುಗೀರು, ಅದ್ರಲ್ಲೂ ಏರ್‌ಫೋರ್ಸ್, ಎನ್‌ಡಿಎ, ಏರೋನಾಟಿಕಲ್ ಅಂತ ಕನಸು ಇರೋರು ಇದ್ರೆ ಸಾಲ ಮಾಡಿಯಾದ್ರೂ ಅಲ್ಲ, ಆದ್ರೆ ಕೈಲಾದ್ರೆ ಜನರಲ್ ಪಾಸೇ ತಗೊಳ್ರಿ. ಆದ್ರೆ ಒಂದು, ಅರ್ಧ ಕುಟುಂಬಕ್ಕೆ ಆಡ್ವಾ, ಅರ್ಧಕ್ಕೆ ಜನರಲ್ ಅಂತ ಜುಗ್ಗತನ ಮಾಡ್ಬೇಡ್ರಿ, ಗೇಟೇ ಬೇರೆ ಬೇರೆ, ಒಳಗೆ ಫೋನೂ ಹತ್ತಲ್ಲ, ಸಂಜೆತನಕ ಒಬ್ರನ್ನೊಬ್ರು ಹುಡುಕೋದೇ ಆಗುತ್ತೆ.

ಬುಕಿಂಗ್ ಏರೋ ಇಂಡಿಯಾದ ಸರ್ಕಾರಿ ವೆಬ್‌ಸೈಟಲ್ಲಿ ಮಾತ್ರ. ವಾಟ್ಸಾಪ್‌ಗೆ ಬರೋ "ಫ್ರೀ ಪಾಸ್" ಲಿಂಕು, "ನಮ್ಮ ಕಡೆ ಎಕ್ಸ್‌ಟ್ರಾ ಟಿಕೆಟ್ ಐತೆ" ಅನ್ನೋ ಮೆಸೇಜು ಇವನ್ನೆಲ್ಲಾ ನೋಡಿದ ತಕ್ಷಣ ಡಿಲೀಟ್ ಮಾಡ್ರಿ. ಬುಕ್ ಮಾಡುವಾಗ ಗುರುತಿನ ಚೀಟಿಯಲ್ಲಿ ಹೆಸರು ಹೆಂಗೈತೋ ಹಂಗೇ ಹಾಕ್ರಿ, ಮನೇಲಿ ಕರೆಯೋ ಹೆಸರು ಬೇಡ. ಮಕ್ಕಳಿಗೆ ಯಾವ ವಯಸ್ಸಿಂದ ಟಿಕೆಟ್ ಬೇಕು ಅನ್ನೋದನ್ನ ಬುಕಿಂಗ್ ಪೇಜಲ್ಲೇ ಓದ್ಕೊಂಡು ಮುಂದಕ್ಕೆ ಹೋಗ್ರಿ, "ಸಣ್ಣ ಹುಡುಗ ಬಿಡ್ತಾರೆ" ಅಂತ ಅಂದಾಜಲ್ಲಿ ಹೋದ್ರೆ ಗೇಟಲ್ಲಿ ಟಿಕೆಟ್ ಕೊಡೋರು ಯಾರೂ ಇರಲ್ಲ. ಬಂದ ಟಿಕೆಟ್ಟಿನ ಫೋಟೋನ ಸ್ಟೇಟಸ್‌ಗೆ ಹಾಕೋ ಚಾಳಿ ಇದ್ದೋರು ಕ್ಯೂಆರ್ ಕೋಡ್ ಮುಚ್ಚಿ ಹಾಕ್ರಿ ಪುಣ್ಯಾತ್ಮರೇ.

ಹಂತ 3: ರೈಲೋ ಕಾರೋ

ಟಿಕೆಟ್ ಕೈಗೆ ಬಂದ ಮೇಲೆ ಈ ಪ್ರಶ್ನೆ. ರೈಲು ಅನ್ನೋದು ನನ್ನ ಉತ್ತರ. ನಮಗೆ ಇರೋ ದೊಡ್ಡ ಲಾಭ ಏನಂದ್ರೆ, ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮುಟ್ಕೊಂಡು ಗುಂತಕಲ್, ಧರ್ಮಾವರಂ, ಹಿಂದೂಪುರ ಮೇಲಿಂದ ಬೆಂಗಳೂರಿಗೆ ಹೋಗೋವಾಗ ಯಲಹಂಕ ದಾಟ್ಕೊಂಡೇ ಹೋಗುತ್ತೆ. ಮೆಜೆಸ್ಟಿಕ್‌ತನಕ ಹೋಗಿ ಮತ್ತೆ ಅಷ್ಟೇ ದೂರ ವಾಪಸ್ ಬರೋ ಕೆಲಸ ಯಾಕೆ, ಟಿಕೆಟ್ ತೆಗೆಸುವಾಗ್ಲೇ ಯಲಹಂಕ ಜಂಕ್ಷನ್ ಅಂತ ಹಾಕಿ ನೋಡ್ರಿ. ರಾಯಚೂರಿನೋರಿಗೆ ಮುಂಬೈ ಕಡೆಯಿಂದ ಬರೋ ಉದ್ಯಾನ್ ಎಕ್ಸ್‌ಪ್ರೆಸ್ ಐತೆ, ಅದೂ ಗುಂತಕಲ್ ದಾರಿನೇ. ಮೆಟ್ರೋ ನಂಬ್ಕೊಂಡು ಮೆಜೆಸ್ಟಿಕ್ಕಿಗೆ ಹೋಗೋರಿಗೆ ಒಂದು ಮಾತು, ಪರ್ಪಲ್ ಲೈನೂ ಗ್ರೀನ್ ಲೈನೂ ಯಲಹಂಕಕ್ಕೆ ಬರಲ್ಲ.

ರಿಸರ್ವೇಶನ್ 60 ದಿನ ಮುಂಚೆ ಓಪನ್ ಆಗುತ್ತೆ. ಹೋಗೋ ಟಿಕೆಟ್ಟು ಬರೋ ಟಿಕೆಟ್ಟು ಎರಡನ್ನೂ ಅದದು ಓಪನ್ ಆದ ದಿನವೇ ಮಾಡ್ರಿ. ತತ್ಕಾಲ್ ಮೇಲೆ ಕುಟುಂಬದ ಪ್ರವಾಸ ನಿಲ್ಲಿಸ್ಬಾರ್ದು, ನಾಲ್ಕರಲ್ಲಿ ಎರಡು ಸೀಟ್ ಕನ್ಫರ್ಮ್ ಎರಡು ವೇಟಿಂಗ್ ಅಂತ ಬಂದ್ರೆ ಯಾರನ್ನ ಬಿಟ್ಟು ಹೋಗ್ತೀರಿ. ವಾಪಸ್ ರೈಲು ರಾತ್ರಿದೇ ಇರ್ಲಿ. ಶೋ ಸಂಜೆ ಮುಗಿದ್ರೂ ಜನ ಕರಗೋಕೆ ತಾಸುಗಟ್ಟಲೆ ಬೇಕು, ಎಂಟು ಗಂಟೆ ಒಳಗಿನ ಯಾವ ಗಾಡಿ ನಂಬಿದ್ರೂ ಎದೆ ಡವಡವ.

ಕಾರಲ್ಲೇ ಹೋಗ್ತೀವಿ ಅನ್ನೋರು ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು, ತುಮಕೂರು ದಾರಿ ಹಿಡಿತಾರೆ, ಬೆಂಗಳೂರು ಅಂದ್ರೆ ಅದೇ ದಾರಿ ಅಂತ ರೂಢಿ. ಏರ್ ಶೋ ದಿನಕ್ಕೆ ಆ ದಾರಿ ಬೇಡ, ಗೊರಗುಂಟೆಪಾಳ್ಯ, ಹೆಬ್ಬಾಳ ಎಲ್ಲಾ ದಾಟಿ ಊರೊಳಗಿಂದ ಹೊರಗೆ ಬರ್ಬೇಕು. ಬದಲಿಗೆ ಅನಂತಪುರಕ್ಕೆ ಹೋಗಿ ಅಲ್ಲಿಂದ ಹೈದರಾಬಾದ್ ಹೈವೇ ಹಿಡಿರಿ, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ದೇವನಹಳ್ಳಿ. ಒಟ್ಟು 300 ಕಿ.ಮೀ. ಆಸುಪಾಸು. ಏರ್‌ಫೋರ್ಸ್ ಸ್ಟೇಷನ್ ಇರೋದೇ ಈ ಹೈವೇ ಪಕ್ಕ, ಬೆಂಗಳೂರಿನೋರು ಅದನ್ನ ಬಳ್ಳಾರಿ ರೋಡ್ ಅಂತಾನೇ ಕರೆಯೋದು, ನಮ್ಮೂರ ಹೆಸರಿನ ರೋಡಲ್ಲಿ ನಾವೇ ದಾರಿ ತಪ್ಪಿದ್ರೆ ಹೆಂಗೆ. ರಾಯಚೂರಿನೋರಿಗೂ ಇದೇ ಹೈವೇ ಸಲೀಸು. ಕೊಪ್ಪಳ, ಗಂಗಾವತಿ ಕಡೆಯೋರು ಚಿತ್ರದುರ್ಗದ ಮೇಲೆ ಬರೋದಾದ್ರೆ ದಾಬಸ್‌ಪೇಟೆ ಹತ್ರ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗ್ರಿ, ಬೆಂಗಳೂರು ಸಿಟಿ ಮುಟ್ಟೋದೇ ಬೇಡ.

ಶೋ ದಿನಗಳಲ್ಲಿ ಅಲ್ಲಿ ಒನ್‌ವೇ, ಡೈವರ್ಶನ್, ದೊಡ್ಡ ಗಾಡಿ ಬಂದ್ ಎಲ್ಲಾ ಇರುತ್ತೆ. ಬೆಂಗಳೂರು ಟ್ರಾಫಿಕ್ ಪೊಲೀಸ್‌ನೋರು ಒಂದೆರಡು ದಿನ ಮೊದ್ಲೇ ಮ್ಯಾಪ್ ಹಾಕ್ತಾರೆ. ಮ್ಯಾಪ್ ಆಪ್ ಹೇಳಿದ್ದಕ್ಕಿಂತ ಅದನ್ನೇ ನಂಬ್ರಿ.

ಹಂತ 4: ಹಿಂದಿನ ರಾತ್ರಿ ಉಳ್ಕೊಳ್ಳೋದು

ರಾತ್ರಿಯೆಲ್ಲಾ ಗಾಡಿ ಓಡ್ಸಿ ಬೆಳಿಗ್ಗೆ ನೇರ ಶೋಗೆ ಹೋಗೋದು ಯುವಕರ ಕೆಲಸ, ಅಜ್ಜಿ ಮಗು ಇಟ್ಕೊಂಡು ಬೇಡ. ಹಿಂದಿನ ದಿನ ಮಧ್ಯಾಹ್ನ ಹೊರಟು ಉತ್ತರದ ಕಡೆಯೇ ಎಲ್ಲಾದ್ರೂ ಉಳೀರಿ. ಯಲಹಂಕ, ದೇವನಹಳ್ಳಿಯಲ್ಲಿ ಆ ವಾರ ರೂಮ್ ರೇಟ್ ಗಗನಕ್ಕೆ, ಅದಕ್ಕೆ ಕಾರಿನೋರು ಚಿಕ್ಕಬಳ್ಳಾಪುರ ಅಥವಾ ದೊಡ್ಡಬಳ್ಳಾಪುರ ನೋಡ್ರಿ. ಜಯನಗರದಲ್ಲಿ ಅಕ್ಕ ಇದಾಳೆ, ಕೆಂಗೇರಿಯಲ್ಲಿ ಚಿಕ್ಕಪ್ಪ ಇದಾರೆ ಅಂತ ಅಲ್ಲಿ ಉಳ್ಕೊಂಡ್ರೆ ಬೆಳಿಗ್ಗೆ ಇಡೀ ಬೆಂಗಳೂರು ಅಡ್ಡಕ್ಕೆ ದಾಟ್ಬೇಕು, ಅವ್ರು ತಿಂಡಿ ತಿನ್ನಿಸ್ದೆ ಬಿಡೋದೂ ಇಲ್ಲ. ಅಕ್ಕನ ಮನೆಗೆ ಶೋ ಆದ ಮೇಲೆ ಹೋಗ್ರಿ.

ಹಂತ 5: ಬ್ಯಾಗು

ಒಬ್ಬ ದೊಡ್ಡೋರಿಗೆ ಒಂದು ಸಣ್ಣ ಬ್ಯಾಗು, ಅಷ್ಟೇ. ಚೆಕಿಂಗ್‌ನಲ್ಲಿ ದೊಡ್ಡ ಬ್ಯಾಗ್ ಇದ್ದೋರೇ ಹಿಂದೆ ಉಳಿಯೋದು. ಟಿಕೆಟ್ ಜೊತೆ ನಿಷೇಧಿತ ವಸ್ತುಗಳ ಪಟ್ಟಿ ಇರುತ್ತೆ, ಹಿಂದಿನ ರಾತ್ರಿ ಅದನ್ನ ಒಬ್ರು ಜೋರಾಗಿ ಓದ್ಬೇಕು, ಇನ್ನೊಬ್ರು ಬ್ಯಾಗಿಂದ ತೆಗಿಬೇಕು. ಬೆಂಕಿಪೊಟ್ಣ, ಲೈಟರ್, ಹಣ್ಣು ಹೆಚ್ಚೋ ಚಾಕು ಇವು ಮನೇಲೇ ಇರ್ಲಿ. ಡ್ರೋನ್ ಅಂತೂ ಯೋಚನೆನೂ ಬೇಡ, ಆಟಿಕೆ ಡ್ರೋನ್ ಆದ್ರೂ ಕೇಸ್ ಆಗುತ್ತೆ.

ಕಡ್ಡಾಯ ಇರ್ಬೇಕಾದ್ದು: ಎಲ್ಲರ ಒರಿಜಿನಲ್ ಗುರುತಿನ ಚೀಟಿ, ಟಿಕೆಟ್ಟಿನ ಪ್ರಿಂಟು, ಅಂಚು ಅಗಲ ಇರೋ ಟೋಪಿ, ಸನ್‌ಸ್ಕ್ರೀನ್, ಓಆರ್‌ಎಸ್ ಪ್ಯಾಕೆಟ್, ಕೂರೋಕೆ ಹಳೇ ಬೆಡ್‌ಶೀಟು, ಬೆಳಿಗ್ಗೆ ಚಳಿಗೆ ಮಕ್ಕಳಿಗೊಂದು ಸ್ವೆಟರು, ಅಜ್ಜ ಅಜ್ಜಿ ಬಿಪಿ ಶುಗರ್ ಮಾತ್ರೆ. ಬೈನಾಕುಲರ್ ಇದ್ರೆ 8 ಪಟ್ಟು ಹಿಗ್ಗಿಸೋದು ಸಾಕು, ಅದಕ್ಕಿಂತ ಪವರ್ ಜಾಸ್ತಿ ಆದ್ರೆ ಓಡೋ ವಿಮಾನ ಅದ್ರೊಳಗೆ ಸಿಗಲ್ಲ. ಕೊಡೆ ತಗೊಂಡ್ರೂ ಶೋ ಟೈಮಲ್ಲಿ ಬಿಚ್ಬೇಡ್ರಿ, ಹಿಂದಿನೋರು ಸುಮ್ನಿರಲ್ಲ.

ಕಿವಿ ವಿಷಯ ಒಂಚೂರು ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಸೀರಿಯಸ್ ತಗೊಳಲ್ಲ. ಸುಖೋಯ್, ರಫೇಲ್ ಯುದ್ಧವಿಮಾನ ಆಫ್ಟರ್‌ಬರ್ನರ್ (ಇಂಜಿನ್ನಿಗೆ ಹೆಚ್ಚಿನ ಬಲ ಕೊಡೋ ಬೆಂಕಿ) ಹಚ್ಕೊಂಡು ಮೇಲೆದ್ದಾಗ ಎದೆಗೂಡು ನಡುಗುತ್ತೆ, ದೊಡ್ಡೋರಿಗೆ ಅದು ಮಜಾ, ಎರಡು ವರ್ಷದ ಕೂಸಿಗೆ ಅದು ಭಯ. ಕಿವಿಗೆ ಹತ್ತಿ ತುರುಕಿದ್ರೆ ಹೆಚ್ಚೇನೂ ಪ್ರಯೋಜನ ಇಲ್ಲ. ಸಣ್ಣ ಮಕ್ಕಳಿಗೆ ತಲೆ ಮೇಲಿಂದ ಹಾಕೋ ಇಯರ್ ಮಫ್ ತಗೊಳ್ರಿ, ದೊಡ್ಡ ಮಕ್ಕಳಿಗೆ ಹಿರಿಯರಿಗೆ ಫೋಮ್ ಇಯರ್‌ಪ್ಲಗ್ ಸಾಕು. ಫೋಮನ್ನ ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿ ಮೇಲಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬೋತನಕ ಹಿಡ್ಕೋಬೇಕು. ಮನೇಲೇ ಎರಡು ದಿನ ಮುಂಚೆ ಪ್ರಾಕ್ಟೀಸ್ ಮಾಡಿಸ್ರಿ, ಅಲ್ಲಿ ಹೋಗಿ ಮೊದಲ ಸಲ ಹಾಕೋಕೆ ಹೋದ್ರೆ ಮಗು ಕಿತ್ತು ಬಿಸಾಕುತ್ತೆ.

ಊಟ: ಒಳಗೆ ತಿಂಡಿ ಸ್ಟಾಲ್ ಇರ್ತಾವೆ, ರೇಟೂ ಕ್ಯೂನೂ ಎರಡೂ ಉದ್ದ. ಹೊರಗಿನ ತಿಂಡಿ ಬಿಡ್ತಾರೋ ಇಲ್ವೋ ಅಂತ ಪಟ್ಟಿಯಲ್ಲಿ ನೋಡಿ, ಬಿಡೋ ಹಂಗಿದ್ರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಣ ಮಂಡಕ್ಕಿ ಒಯ್ಯಿರಿ. ಮೊಸರನ್ನ ಬಿಸಿಲಿಗೆ ಹುಳಿ ಬರುತ್ತೆ. ಬಿಡದಿದ್ರೆ ಕಾರಲ್ಲಿಟ್ಟು ವಾಪಸ್ ಬರುವಾಗ ತಿನ್ನಿ. ಉಳಿದ ಅನ್ನ ಎಲ್ಲೆಂದ್ರಲ್ಲಿ ಚೆಲ್ಲೋದು ಅಲ್ಲಿ ನಿಜವಾಗ್ಲೂ ಅಪಾಯ. ಹದ್ದುಗಳು ಬರ್ತಾವೆ, ಇಂಜಿನ್ನಿಗೆ ಹಕ್ಕಿ ಹೊಕ್ಕರೆ ವಿಮಾನ ಬೀಳ್ಬಹುದು. ಇದೇ ಕಾರಣಕ್ಕೆ 2025ರಲ್ಲಿ ಬಿಬಿಎಂಪಿಯೋರು ಸ್ಟೇಷನ್ ಸುತ್ತ 13 ಕಿ.ಮೀ. ಒಳಗೆ ಮಾಂಸ ಮಾರಾಟನೇ ಬಂದ್ ಮಾಡಿಸಿದ್ರು. ಹಂಗಾಗಿ ಯಲಹಂಕದಲ್ಲಿ ಬಿರಿಯಾನಿ ತಿನ್ನೋ ಪ್ಲಾನೂ ಕೈಬಿಡ್ರಿ.

ಹಂತ 6: ಬೆಳಿಗ್ಗೆ ಗೇಟ್ ತಲುಪೋದು

ಹಾರಾಟ ಬೆಳಿಗ್ಗೆ ಒಂದು ಸೆಷನ್, ಊಟ ಆದ ಮೇಲೆ ಒಂದು ಸೆಷನ್. ಬೆಳಗಿಂದು ಒಂಬತ್ತೂವರೆ ಹತ್ತರ ಸುಮಾರಿಗೆ ಶುರು. ನೀವು ಏಳೂವರೆಗೆ ಪಾರ್ಕಿಂಗಲ್ಲಿ ಇರ್ಬೇಕು, ಅಂದ್ರೆ ಚಿಕ್ಕಬಳ್ಳಾಪುರದಿಂದ ಐದೂವರೆಗೆ ಬಿಡ್ಬೇಕು. "ಹತ್ತಕ್ಕಲ್ವಾ, ಎಂಟಕ್ಕೆ ಹೊರಟ್ರಾಯ್ತು" ಅಂದೋರೇ ಫ್ಲೈಓವರ್ ಮೇಲಿಂದ ಶೋ ನೋಡೋರು. ಅಲ್ಲಿ ಗಾಡಿ ನಿಲ್ಲಿಸಿದ್ರೆ ಪೊಲೀಸ್‌ನೋರು ಎಬ್ಬಿಸ್ತಾರೆ, ದಂಡನೂ ಬೀಳುತ್ತೆ.

2025ರಲ್ಲಿ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಮತ್ತೆ ಜಕ್ಕೂರಲ್ಲಿ ಫ್ರೀ ಪಾರ್ಕಿಂಗ್ ಕೊಟ್ಟು ಅಲ್ಲಿಂದ ಬಿಎಂಟಿಸಿ ಬಸ್ಸಲ್ಲಿ ಕರ್ಕೊಂಡು ಹೋಗೋ ವ್ಯವಸ್ಥೆ ಇತ್ತು. ಅಂಥದ್ದು ಮತ್ತೆ ಇದ್ರೆ ಅದನ್ನೇ ಬಳಸ್ರಿ. ಕಾರಿಂದ ಇಳಿಯೋ ಮೊದ್ಲು ಪಕ್ಕದ ಕಂಬದ ನಂಬರ್, ಬೋರ್ಡು ಏನಿರುತ್ತೋ ಅದ್ರ ಫೋಟೋ ತೆಗೀರಿ. ಬಿಳಿ ಕಾರು ಸಾವಿರ ಇರ್ತಾವೆ.

ಪಾರ್ಕಿಂಗಲ್ಲಿ ಒಣಹುಲ್ಲು ಇದ್ರೆ ಅಲ್ಲಿ ನಿಲ್ಲಿಸ್ಬೇಡ್ರಿ, ಇದು ಸುಮ್ನೆ ಹೆದರಿಸೋ ಮಾತಲ್ಲ. 2019ರ ಫೆಬ್ರವರಿ 23ರಂದು ಇದೇ ಶೋ ಪಾರ್ಕಿಂಗಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟು ಹೋದ್ವು. ಕಾದ ಸೈಲೆನ್ಸರ್ ಹುಲ್ಲಿಗೆ ತಾಕಿದ್ರೂ ಸಾಕು. ಆರ್‌ಸಿ, ಇನ್ಶೂರೆನ್ಸ್ ಪೇಪರ್, ಮನೆ ಬೀಗದ ಕೈ, ಲ್ಯಾಪ್‌ಟಾಪು ಯಾವ್ದೂ ಕಾರಲ್ಲಿ ಬೇಡ, ಪವರ್‌ಬ್ಯಾಂಕ್, ಪರ್ಫ್ಯೂಮ್ ಬಾಟ್ಲಿ ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲೆ ಬಿಡ್ಬೇಡ್ರಿ.

ಗೇಟ್ ಒಳಗೆ ಹೋಗೋ ಮುಂಚೆ ಎರಡು ಕೆಲಸ. ಮಗುವಿನ ಕೈ ಮೇಲೆ ಪೆನ್ನಲ್ಲಿ ಅಪ್ಪ ಅಮ್ಮನ ಫೋನ್ ನಂಬರ್ ಬರೀರಿ. ಎಲ್ಲರೂ ಒಟ್ಟಿಗೆ ನಿಂತು "ಕಳೆದ್ರೆ ಇಲ್ಲಿಗೆ ಬರ್ಬೇಕು" ಅಂತ ಒಂದು ಜಾಗ ಕೈ ತೋರಿಸಿ ಹೇಳ್ರಿ, ಆಂಬುಲೆನ್ಸ್ ನಿಂತಿರೋ ಜಾಗನೋ, ದೊಡ್ಡ ಟವರ್ ಬುಡನೋ. ಅಷ್ಟು ಜನ ಸೇರಿದ್ರೆ ನೆಟ್‌ವರ್ಕ್ ಸತ್ತೇ ಹೋಗುತ್ತೆ, ಫೋನ್ ಮಾಡ್ತೀನಿ ಅನ್ನೋದು ಅಲ್ಲಿ ನಡೆಯಲ್ಲ. ಟಿಕೆಟ್ ಕೂಡ ಮೊಬೈಲಲ್ಲಿ ಮೊದ್ಲೇ ಡೌನ್‌ಲೋಡ್ ಆಗಿರ್ಬೇಕು.

ಹಂತ 7: ಕೂತು ನೋಡೋದು

ಒಳಗೆ ಹೋದ ತಕ್ಷಣ ಜನ ಬ್ಯಾರಿಕೇಡ್ ಕಡೆ ಓಡ್ತಾರೆ. ಓಡ್ಬೇಡ್ರಿ. ಆಕಾಶ ಎಲ್ಲಾ ಕಡೆಯಿಂದ ಒಂದೇ ಕಾಣುತ್ತೆ. ಮುಂದಿನ ಸಾಲಿಗಿಂತ ನೀರು, ಟಾಯ್ಲೆಟ್, ನೆರಳು ಹತ್ರ ಇರೋ ಜಾಗ ಮುಖ್ಯ, ಮೊದ್ಲು ಟಾಯ್ಲೆಟ್ ಎಲ್ಲೈತೆ ನೋಡಿ ಎಲ್ಲರೂ ಒಮ್ಮೆ ಹೋಗಿ ಬಂದು ಆಮೇಲೆ ಬೆಡ್‌ಶೀಟ್ ಹಾಸ್ರಿ.

ಎಲ್ಲರೂ ಮಾಡೋ ತಪ್ಪು, ಸೌಂಡ್ ಬಂದ ಕಡೆ ನೋಡೋದು. ಸೌಂಡ್ ಸೆಕೆಂಡಿಗೆ 340 ಮೀಟರ್ ಚಿಲ್ಲರೆ ಓಡುತ್ತೆ, ಅಂದ್ರೆ 1 ಕಿ.ಮೀ. ದೂರದ ಸದ್ದು ನಿಮಗೆ ತಲುಪೋಕೆ ಸುಮಾರು 3 ಸೆಕೆಂಡ್. ಗಂಟೆಗೆ 800 ಕಿ.ಮೀ. ಸ್ಪೀಡಲ್ಲಿರೋ ವಿಮಾನ ಅಷ್ಟ್ರಲ್ಲಿ 600 ಮೀಟರಿಗಿಂತ ಮುಂದೆ ಹೋಗಿರುತ್ತೆ. ಅದಕ್ಕೆ ಸದ್ದಿಗಿಂತ ಮುಂದೆ, ಅದು ಹೋಗ್ತಿರೋ ದಿಕ್ಕಲ್ಲಿ ಕಣ್ಣು ಹಾಕ್ರಿ. ಮಕ್ಕಳಿಗೆ ಇದನ್ನ ಮೊದ್ಲೇ ಹೇಳ್ಕೊಟ್ರೆ ಅವೇ ನಿಮಗಿಂತ ಬೇಗ ಹಿಡಿತಾವೆ.

ಗುರುತು ಹಿಡಿಯೋಕೆ ಸುಲಭ ದಾರಿ: ಸಣ್ಣದು, ತ್ರಿಕೋನದ ರೆಕ್ಕೆ, ಹಿಂದೆ ಒಂದೇ ಬೆಂಕಿ ಇದ್ರೆ ತೇಜಸ್. ತ್ರಿಕೋನ ರೆಕ್ಕೆ ಜೊತೆ ಮೂತಿ ಹತ್ರ ಇನ್ನೆರಡು ಪುಟ್ಟ ರೆಕ್ಕೆ, ಎರಡು ಇಂಜಿನ್, ಬಾಲ ಒಂದೇ ಇದ್ರೆ ರಫೇಲ್. ದೊಡ್ಡ ದೇಹ, ನೆಟ್ಟಗೆ ನಿಂತ ಎರಡು ಬಾಲ ಇದ್ರೆ ಸುಖೋಯ್-30. ಕೆಂಪು ಬಿಳಿ ಬಣ್ಣದ ಒಂಬತ್ತು ವಿಮಾನ ಒಟ್ಟಿಗೆ ಬಂದ್ರೆ ಅದು ಸೂರ್ಯಕಿರಣ್ ತಂಡ, ಹಾಕ್ ವಿಮಾನಗಳು, ಅವ್ರ ಮೂಲ ನೆಲೆ ನಮ್ಮ ಬೀದರ್, ಈ ವಿಷಯ ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಹೇಳ್ಲೇಬೇಕು. ಆದ್ರೆ "ಇದು ನೋಡ್ತೀಯ, ಅದು ನೋಡ್ತೀಯ" ಅಂತ ಮುಂಚೆನೇ ಪ್ರಾಮಿಸ್ ಮಾಡ್ಬೇಡ್ರಿ. 2025ರಲ್ಲಿ ಧ್ರುವ್ ಹೆಲಿಕಾಪ್ಟರ್‌ಗಳ ಹಾರಾಟ ನಿಲ್ಲಿಸಿದ್ರಿಂದ ಅವುಗಳಲ್ಲೇ ಕಸರತ್ತು ತೋರ್ಸೋ ಸಾರಂಗ್ ತಂಡನೇ ಬರಲಿಲ್ಲ. ಬೆಳಿಗ್ಗೆ ಮಂಜಿದ್ರೂ ಲೇಟ್ ಆಗುತ್ತೆ.

ಮೊಬೈಲಲ್ಲಿ ಜೂಮ್ ಎಳೆದು ಫೋಟೋ ತೆಗೆದ್ರೆ ಬರೋದು ಸೊಳ್ಳೆ. ಜೂಮ್ ಬಿಟ್ಟು ವಿಡಿಯೋ ಮಾಡ್ರಿ, ಫಾರ್ಮೇಶನ್ ಬಂದಾಗ ಮಾತ್ರ. ಕ್ಯಾಮೆರಾ ಇದ್ದೋರು ಜೆಟ್‌ಗೆ ಶಟರ್ 1/1000ಕ್ಕಿಂತ ಫಾಸ್ಟ್ ಇಡ್ರಿ, ಹೆಲಿಕಾಪ್ಟರ್‌ಗೆ 1/250ರ ಆಸುಪಾಸು, ಇಲ್ಲಾಂದ್ರೆ ಫ್ಯಾನ್ ನಿಂತೇ ಹೋದಂಗೆ ಕಾಣುತ್ತೆ.

ಜನರಲ್ ಪಾಸ್ ಇದ್ದೋರಿಗೆ ಒಂದು ಕ್ರಮ: ಗೇಟ್ ತೆಗೆದ ತಕ್ಷಣ ನೇರ ನಿಲ್ಲಿಸಿರೋ ವಿಮಾನಗಳ ಕಡೆ ಹೋಗ್ರಿ, ಬೆಳಗಿನ ಹಾರಾಟ ಹೊರಗೆ ನೋಡ್ರಿ, ಮಧ್ಯಾಹ್ನದ ಬಿಸಿಲಿಗೆ ಹಾಲ್ ಒಳಗೆ ಹೋಗ್ರಿ. ಬಹಳ ಜನ ಇದನ್ನ ಉಲ್ಟಾ ಮಾಡಿ, ಹನ್ನೆರಡರ ಬಿಸಿಲಲ್ಲಿ ಕಾಂಕ್ರೀಟ್ ಮೇಲೆ ವಿಮಾನದ ಫೋಟೋ ಕ್ಯೂನಲ್ಲಿ ನಿಂತಿರ್ತಾರೆ.

ಹಂತ 8: ಬಿಸಿಲು, ಇದನ್ನ ಹಗುರಕ್ಕೆ ತಗೋಬೇಡ್ರಿ

"ಬಳ್ಳಾರಿ ಬಿಸಿಲು ಕಂಡೋರಿಗೆ ಬೆಂಗಳೂರು ಬಿಸಿಲು ಯಾವ ಲೆಕ್ಕ" ಅನ್ನೋ ಡೈಲಾಗ್ ನಮ್ಮೋರು ಎಲ್ಲರೂ ಹೊಡಿತಾರೆ. ನಮ್ಮೂರಲ್ಲಿ ಹನ್ನೆರಡಕ್ಕೆ ನಾವು ಯಾರಾದ್ರೂ ಬಯಲಲ್ಲಿ ಆಕಾಶ ನೋಡ್ಕೊಂಡು ಕೂತಿರ್ತೀವಾ, ಇಲ್ಲ, ಮನೆಯೊಳಗೆ ಇರ್ತೀವಿ. ಬೆಂಗಳೂರು 900 ಮೀಟರ್ ಎತ್ತರದಲ್ಲೈತೆ, ಗಾಳಿ ತಣ್ಣಗಿರುತ್ತೆ, ಬೆವರು ಗೊತ್ತಾಗಲ್ಲ, ಬಾಯಾರಿಕೆನೂ ಆಗಲ್ಲ, ಸಂಜೆಗೆ ಮುಖ ಸುಟ್ಟಿರುತ್ತೆ. 2024ರ ಅಕ್ಟೋಬರ್ 6ರಂದು ಚೆನ್ನೈ ಮರೀನಾ ಬೀಚಲ್ಲಿ ಏರ್‌ಫೋರ್ಸ್ ಶೋ ನೋಡೋಕೆ ಬಂದೋರಲ್ಲಿ ಐದು ಜನ ಸತ್ತರು. ಬಿಸಿಲು, ನೂಕುನುಗ್ಗಲು, ನೀರಿನ ಪರದಾಟ. ಚೆನ್ನೈನೋರಿಗೇನು ಬಿಸಿಲು ಹೊಸದಾ?

ಬಾಯಾರಿಕೆ ಆಗೋತನಕ ಕಾಯ್ದೆ ಅರ್ಧ ತಾಸಿಗೊಮ್ಮೆ ಎಲ್ಲರಿಗೂ ನಾಲ್ಕು ಗುಟುಕು ನೀರು. ಟಾಯ್ಲೆಟ್ ಕ್ಯೂಗೆ ಹೆದರಿ ಹೆಣ್ಮಕ್ಕಳು ನೀರು ಕುಡಿಯೋದೇ ಬಿಡ್ತಾರೆ, ಅವ್ರನ್ನೇ ಮೊದ್ಲು ಗಮನಿಸ್ರಿ. ಎಚ್ಚರಿಕೆಯ ಲಕ್ಷಣ ಇವು: ತಲೆನೋವು, ಕಣ್ಣು ಕತ್ತಲೆ, ವಾಕರಿಕೆ, ಮೂತ್ರ ಗಾಢ ಹಳದಿ, ಅಷ್ಟೊತ್ತು ಕುಣೀತಿದ್ದ ಮಗು ಇದ್ದಕ್ಕಿದ್ದಂಗೆ ಸುಮ್ನಾಗಿ ಹೆಗಲಿಗೆ ಒರಗೋದು. ಇಷ್ಟಾದ್ರೆ ತಕ್ಷಣ ನೆರಳಿಗೆ ಕರ್ಕೊಂಡು ಹೋಗಿ, ಬಟ್ಟೆ ಸಡಿಲ ಮಾಡಿ, ಕತ್ತು ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಓಆರ್‌ಎಸ್ ಸ್ವಲ್ಪ ಸ್ವಲ್ಪ ಕುಡಿಸ್ರಿ. ಮಾತು ತೊದಲಿದ್ರೆ, ಹೇಳಿದ್ದು ಅರ್ಥ ಆಗದಂಗೆ ನೋಡಿದ್ರೆ, ಮೈ ಕಾದು ಸುಡ್ತಿದ್ರೆ ಅದು ಹೀಟ್ ಸ್ಟ್ರೋಕ್, ಬಾಯಿಗೆ ಏನೂ ಹಾಕ್ದೆ ಮೆಡಿಕಲ್ ಟೆಂಟಿಗೆ ಹೊತ್ಕೊಂಡು ಹೋಗ್ರಿ, ಹೊರಗಿದ್ರೆ 108. ಅಂಥ ಹೊತ್ತಲ್ಲಿ "ಇನ್ನೊಂದೇ ವಿಮಾನ ನೋಡಿ ಹೋಗೋಣ" ಬೇಡ.

ಹಂತ 9: ವಾಪಸ್

ಕೊನೆ ವಿಮಾನ ಇಳಿದ ಕೂಡ್ಲೇ ಎಲ್ಲರೂ ಒಟ್ಟಿಗೆ ಗೇಟಿಗೆ ನುಗ್ಗುತ್ತಾರೆ. ನಿಮಗೆ ಎರಡೇ ದಾರಿ, ಅರ್ಧ ಗಂಟೆ ಮೊದ್ಲು ಎದ್ದು ಬರೋದು, ಇಲ್ಲಾ ಒಂದು ತಾಸು ಕೂತು ಮಂಡಕ್ಕಿ ತಿಂದು ನಿಧಾನಕ್ಕೆ ಹೊರಡೋದು. ಸಣ್ಣ ಮಕ್ಕಳಿದ್ರೆ ಎರಡನೇದೇ ಸರಿ, ಆದ್ರೆ ಬ್ಯಾರಿಕೇಡ್ ಹತ್ರ ಅಲ್ಲ, ಬಯಲಿನ ಹಿಂಭಾಗಕ್ಕೆ ಸರಿದು ಕೂರ್ರಿ. ಬೆಳಗಿನ ಸೆಷನ್ ಚೆನ್ನಾಗಿ ಸಿಕ್ಕಿದ್ರೆ ಮಧ್ಯಾಹ್ನದ್ದು ಬಿಟ್ಟು ಹೊರಟ್ರೂ ನಷ್ಟ ಇಲ್ಲ, ತೋರ್ಸೋದು ಹೆಚ್ಚುಕಮ್ಮಿ ಅವೇ ವಿಮಾನ.

ರೈಲಿನೋರು ಯಲಹಂಕ ಸ್ಟೇಷನ್ನಿಗೆ ಬಂದು ಅಲ್ಲೇ ಹತ್ತೋದಾದ್ರೆ ಬೋರ್ಡಿಂಗ್ ಪಾಯಿಂಟ್ ಟಿಕೆಟ್ಟಲ್ಲಿ ಯಲಹಂಕ ಅಂತಾನೇ ಇರ್ಬೇಕು, ಬೆಂಗಳೂರು ಅಂತ ಇದ್ರೆ ನಿಮ್ಮ ಸೀಟ್ ಬೇರೆಯೋರಿಗೆ ಹೋಗಿರ್ಬಹುದು, ಮೊದ್ಲೇ ಬದಲಾಯಿಸ್ಕೊಳ್ರಿ.

ಕಾರಿನೋರಿಗೆ: ದಿನವಿಡೀ ಬಿಸಿಲಲ್ಲಿ ನಿಂತ ಡ್ರೈವರ್ ರಾತ್ರಿ 300 ಕಿ.ಮೀ. ಓಡಿಸ್ಬಾರ್ದು. ಬೆಂಗಳೂರು ಕಡೆ ತಿರುಗದೆ ದೇವನಹಳ್ಳಿ ಕಡೆ ಹೊರಟು, ಸಾದಹಳ್ಳಿ ಟೋಲಿಗೆ ಮುಂಚೆ ಫಾಸ್ಟ್ಯಾಗ್ ಬ್ಯಾಲೆನ್ಸ್ ನೋಡ್ಕೊಂಡು, ಚಿಕ್ಕಬಳ್ಳಾಪುರದ ಅದೇ ರೂಮನ್ನ ಎರಡನೇ ರಾತ್ರಿಗೂ ಇಟ್ಕೊಂಡಿರ್ರಿ. ಬೆಳಿಗ್ಗೆ ಏಳಕ್ಕೆ ಬಿಟ್ರೆ ಅನಂತಪುರದಲ್ಲಿ ತಿಂಡಿ ಮಾಡ್ಕೊಂಡು ಮಧ್ಯಾಹ್ನದ ಊಟಕ್ಕೆ ಬಳ್ಳಾರಿ.